ರಾಮಗಿರಿ ಸ್ಟೇಜು

ಹೊಳಲ್ಕೆರೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಂದವರು ಕೂರಲು ಜಾಗವಿರಲಿಲ್ಲ. ಅಲ್ಲೆಲ್ಲ ಟೀವಿಗಳು ಕೂತಿರುತ್ತಿದ್ದವು. ಅಪ್ಪ ಟೀವಿ ರಿಪೇರಿ ಮಾಡುತ್ತಿದ್ದ. ಬೇರೆ ಅಂಗಡಿ ಅಂತ ಇರಲಿಲ್ಲ, ಬೀದಿಗೆ ಬಾಗಿಲಿದ್ದ ಆ ಕೋಣೆಯೇ ಅಂಗಡಿ. ಬೆನ್ನಿನ ಮುಚ್ಚಳ ಬಿಚ್ಚಿಸಿಕೊಂಡು ಸಾಲಾಗಿ ಇದ್ದ ಟೀವಿಗಳ ನಡುವೆ ಒಬ್ಬರು ಮೈ ಓರೆ ಮಾಡಿಕೊಂಡು ಹೋಗುವಷ್ಟು ದಾರಿ. ಅದನ್ನು ದಾಟಿದರೆ ನಡುಮನೆ, ಎಡಕ್ಕೆ ಅಜ್ಜಿಯ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು ಮತ್ತು ತೆಂಗಿನ ಗರಿ ಒಟ್ಟಿದ ಸಣ್ಣ ಹಿತ್ತಲು. ಅವ್ವ ನೀರು ತುಂಬಿದ ಕೊಡ ಹೊತ್ತು ಬೀದಿಯಿಂದ ಒಳಗೆ ಬರುವಾಗ ಅಪ್ಪ ಕೈಯಲ್ಲಿದ್ದ ಕೆಲಸ ಬಿಟ್ಟು, “ಹುಷಾರು, ಚೆಲ್ಲೀಯ, ಕರೆಂಟ್ ಐತೆ” ಎನ್ನುತ್ತಿದ್ದ. “ಹದಿಮೂರು ವರ್ಷದಿಂದ ಚೆಲ್ಲಿಲ್ಲ” ಎಂದುಕೊಂಡೇ ಅವ್ವ ಹಾದು ಹೋಗುತ್ತಿದ್ದಳು. ಸೀಸ ಕರಗಿಸುವ ವಾಸನೆಯೂ ಸಾರಿಗೆ ಹಾಕಿದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆಯೂ ನಡುಮನೆಯಲ್ಲಿ ಸೇರಿಕೊಳ್ಳುತ್ತಿದ್ದವು. ಇವತ್ತಿಗೂ ಊಟಕ್ಕೆ ಕೂತಾಗ ಎರಡರಲ್ಲಿ ಒಂದು ಕಡಿಮೆಯಾಗಿದೆ ಅನ್ನಿಸುತ್ತದೆ.

ಅಪ್ಪನ ತಮ್ಮ ಮಂಜ ಚಿಕ್ಕಪ್ಪ ನಮ್ಮ ಜೊತೆಗೇ ಇದ್ದ. ಪಿಯುಸಿಯಲ್ಲಿ ಎರಡು ಸಲ ಫೇಲಾಗಿ ಅಪ್ಪನ ಹತ್ತಿರ ಕೆಲಸ ಕಲಿಯುತ್ತಿದ್ದ. ನನಗೆ ಹತ್ತು ವರ್ಷವಿದ್ದಾಗ ಯಾರೋ ಒಬ್ಬರು ಕೆಟ್ಟ ಟೀವಿ ಗೇಮೊಂದನ್ನು ರಿಪೇರಿಗೆ ಕೊಟ್ಟು ಹೋದವರು ಮತ್ತೆ ಬರಲೇ ಇಲ್ಲ. ಟೀವಿಗೆ ವೈರು ಸಿಕ್ಕಿಸಿ, ನೆತ್ತಿಯ ಮೇಲೆ ದಪ್ಪ ಹಳದಿ ಕ್ಯಾಸೆಟ್ ಚುಚ್ಚಿ ಆಡುವ ಬಿಳಿ ಡಬ್ಬ ಅದು. ಚಿಕ್ಕಪ್ಪ ವಾರಗಟ್ಟಲೆ ಅದರ ಮುಂದೆ ಕೂತು ಅದಕ್ಕೆ ಜೀವ ಬರಿಸಿದ. ಆಮೇಲೆ ನಮ್ಮ ಮನೆಯಲ್ಲಿ ರಿಪೇರಿಯಾದ ಯಾವ ಟೀವಿಯೂ ಆಟವಾಡದೆ ಹೊರಗೆ ಹೋಗಲಿಲ್ಲ. “ಪಿಕ್ಚರ್ ನಿಲ್ತೈತಾ ನೋಡ್ತಿದೀನಿ ಅಣ್ಣ” ಎಂದು ಎರಡು ಗಂಟೆ ನೋಡುತ್ತಿದ್ದ. ಕ್ಯಾಸೆಟ್ ಓಡದಿದ್ದರೆ ಬಾಯಿಂದ ಊದಿ ಮತ್ತೆ ಹಾಕುವುದು, ಗುಂಡಿ ಒತ್ತಿ ಹಿಡಿದು ಓಡಿ ಕೊನೆಯ ಗಳಿಗೆಯಲ್ಲಿ ಹಾರುವುದು, ಎಲ್ಲ ನನಗೆ ಅವನೇ ಕಲಿಸಿದ. ಬೀದಿಯ ಹುಡುಗರು ಬಾಗಿಲಲ್ಲಿ ಕಾಯುತ್ತಿದ್ದರೂ ಎರಡನೇ ಜಾಯ್‌ಸ್ಟಿಕ್ ನನ್ನ ಕೈಗೇ ಬರುತ್ತಿತ್ತು. “ಸುಜಿ ಆಡೋದು ನೋಡಿ ಕಲೀರಲೇ” ಎಂದು ಅವರಿಗೆ ಹೇಳುತ್ತಿದ್ದ. ಪೊರಕೆ, ಪಾತ್ರೆ ಬಿಟ್ಟು ಬೇರೆ ಏನನ್ನಾದರೂ ಆ ಮನೆಯಲ್ಲಿ ನನ್ನ ಕೈಗೆ ಕೊಟ್ಟವನು ಅವನೊಬ್ಬನೇ. ಶಾಲೆಯಿಂದ ಬಂದವಳು ಅವ್ವನಿಗಿಂತ ಮೊದಲು ಅವನನ್ನು ಹುಡುಕುತ್ತಿದ್ದೆ.

ಆಗ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಕ್ಯಾಸೆಟ್ಟಿನಲ್ಲಿದ್ದ ಆಟಗಳನ್ನೆಲ್ಲ ನಾವಿಬ್ಬರೂ ಆಡಿ ಮುಗಿಸಿದ್ದೆವು. ಒಂದು ಮಧ್ಯಾಹ್ನ ಚಿಕ್ಕಪ್ಪ ಮೂಲೆಯಿಂದ ಪಿಕ್ಚರ್ ಟ್ಯೂಬ್ ಒಡೆದುಹೋದ ಟೀವಿಯ ಖಾಲಿ ಡಬ್ಬ ಎಳೆದುಕೊಂಡು, “ಬಾರವ್ವ, ನಾವೇ ಒಂದು ಗೇಮ್ ಮಾಡಾಣ” ಎಂದ. ಲೆಕ್ಕದ ಪುಸ್ತಕದ ಚೌಕುಳಿ ಹಾಳೆಗಳನ್ನು ಅನ್ನದ ಅಗುಳಿನಿಂದ ಉದ್ದಕ್ಕೆ ಅಂಟಿಸಿ, ಎರಡು ತುದಿಯನ್ನು ಎರಡು ಕೋಲಿಗೆ ಸುತ್ತಿ, ಡಬ್ಬದೊಳಗೆ ನಿಲ್ಲಿಸಿದೆವು. ಒಂದು ಕೋಲು ತಿರುಗಿಸಿದರೆ ಚಿತ್ರ ಪಕ್ಕಕ್ಕೆ ಸರಿಯುತ್ತ ಹೋಗುತ್ತಿತ್ತು. ಪೊರಕೆಕಡ್ಡಿಯ ತುದಿಗೆ ಅಂಟಿಸಿದ ರಟ್ಟಿನ ಪುಟ್ಟ ಆಳನ್ನು ಆಡುವವರು ಕೆಳಗಿನಿಂದ ಹಿಡಿದಿರಬೇಕು, ಹಳ್ಳ ಬಂದಾಗ, ಗೋಡೆ ಬಂದಾಗ ಹಾರಿಸಬೇಕು. ಮುಳ್ಳಿಗೋ ಬೆಂಕಿಗೋ ತಾಗಿದರೆ ಔಟು. ಚಿಕ್ಕಪ್ಪ ಬಾಯಲ್ಲೇ ಸಂಗೀತ ಹಾಕುತ್ತಿದ್ದ. ಚಿತ್ರ ಬರೆಯುವುದು ಮಾತ್ರ ನಾನು. ಅವನಿಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬರುತ್ತಿರಲಿಲ್ಲ. ಮೊದಲನೇ ಸ್ಟೇಜು ನಮ್ಮ ಮುಂದಿನ ಕೋಣೆ, ಟೀವಿಯಿಂದ ಟೀವಿಗೆ ಹಾರಬೇಕು, ಕಾದ ಸೀಸದ ಹನಿ ತಾಗಬಾರದು. ಎರಡನೆಯದು ಅಡುಗೆಮನೆ, ಅಲ್ಲಿ ಮುದ್ದೆ ಕೋಲು ಮೇಲಿಂದ ಬೀಳುತ್ತಿತ್ತು. ಮೂರನೆಯದರಲ್ಲಿ ಅಜ್ಜಿಯ ಕಂಬಳಿ ಏರುತಗ್ಗಾಗಿ ಬಿದ್ದಿರುತ್ತಿತ್ತು, ದಾಟುವಾಗ ಅಜ್ಜಿ ಎದ್ದರೆ ಮುಗಿಯಿತು. ಬೀದಿಯ ಮಕ್ಕಳು ಕರೆಂಟು ಹೋಗಲಿ ಎಂದು ಕಾಯತೊಡಗಿದರು. ಯಾವ ಹೊಸ ಸ್ಟೇಜನ್ನೂ ಮೊದಲು ಚಿಕ್ಕಪ್ಪ ಆಡಬೇಕು, ಆಮೇಲೆ ಉಳಿದವರು. ಅದು ನಮ್ಮಿಬ್ಬರ ಕಟ್ಟಳೆ.

ಅವ್ವನಿಗೆ ಒಬ್ಬಳೇ ತಂಗಿ, ಸರೋಜ ಚಿಕ್ಕಮ್ಮ. ಬೇರೆ ಜಾತಿಯ, ರೈಲ್ವೆಯಲ್ಲಿ ಹಳಿ ಕೆಲಸ ಮಾಡುವವನನ್ನು ಮದುವೆಯಾಗಿ ರಾಮಗಿರಿ ಸ್ಟೇಷನ್ನಿನ ಹತ್ತಿರ ಇದ್ದಳು. ತವರಿನವರು ಅವಳ ಹೆಸರೆತ್ತುವುದನ್ನೇ ಬಿಟ್ಟಿದ್ದರು. ನಮ್ಮ ಅಜ್ಜಿ ಅಷ್ಟಕ್ಕೆ ಸುಮ್ಮನಾಗದೆ, ದೇವರ ಮುಂದಿನ ದೀಪ ಮುಟ್ಟಿಸಿ ಅವ್ವನಿಂದ ಆಣೆ ಮಾಡಿಸಿಕೊಂಡಿದ್ದಳು. “ನಮ್ಮನ್ಯಾಗೆ ಇನ್ನೊಂದು ಗಂಡು ಮದುವೆಗೈತೆ. ನಿನ್ನ ತಂಗಿ ಜತೆ ಹೋಗಿ ಬಂದು ಮಾಡಿದ್ರೆ ಮಂಜಂಗೆ ಯಾರು ಹೆಣ್ಣು ಕೊಡ್ತಾರೆ?” ಅಜ್ಜಿಯ ಮಾತಿಗೆ ಅಪ್ಪ ಎದುರಾಡಿದ್ದನ್ನು ನಾನು ಕಂಡಿಲ್ಲ.

ಆದರೂ ಅವ್ವ ಹೋಗುತ್ತಿದ್ದಳು. ನನಗೆ ಉಬ್ಬಸವಿತ್ತು. ಅದು ವಾಸಿಯಾಗಲೆಂದು ರಾಮಗಿರಿ ಬೆಟ್ಟದ ದೇವರಿಗೆ ಹರಕೆ ಹೊತ್ತಿದ್ದೇನೆ, ಹದಿನೈದು ದಿನಕ್ಕೊಂದು ಭಾನುವಾರ ಮಗಳನ್ನು ಕರೆದುಕೊಂಡು ಬೆಟ್ಟ ಹತ್ತಬೇಕು ಎಂದು ಮನೆಯಲ್ಲಿ ಹೇಳಿದ್ದಳು. ಬಸ್ಸಿಳಿದು ಬೆಟ್ಟದ ಬುಡದಲ್ಲಿ ನಿಂತು ಮೇಲಕ್ಕೆ ಕೈಮುಗಿದು, ಹಣ್ಣುಕಾಯಿ ಅಂಗಡಿಯಲ್ಲಿ ಕುಂಕುಮ ಕಟ್ಟಿಸಿಕೊಂಡು, ನಾವು ಸ್ಟೇಷನ್ ಕಡೆ ತಿರುಗುತ್ತಿದ್ದೆವು. ಅಲ್ಲಿ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಚಿಕ್ಕಮ್ಮ ಮೊದಲೇ ಬಂದು ಕೂತಿರುತ್ತಿದ್ದಳು. ಆಗ ಅವಳು ಬಸುರಿ. ಅವ್ವ ಸ್ಟೀಲ್ ಡಬ್ಬಿಯಿಂದ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಹುಣಸೆ ಚಿಗಳಿ ತೆಗೆದು ಅವಳ ಮಡಿಲಿಗಿಟ್ಟು, ಹಿಂದೆ ಕೂತು ಅವಳ ತಲೆ ಬಾಚುತ್ತಿದ್ದಳು. ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಅವ್ವ ಅಲ್ಲಿ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ನಗುವ ಅವ್ವನನ್ನು ನೋಡಲೆಂದೇ ನಾನು ಭಾನುವಾರಕ್ಕೆ ಕಾಯುತ್ತಿದ್ದೆ. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಪಾಠ ನಡೆಯುತ್ತಿತ್ತು.

“ಬೆಟ್ಟ ಹತ್ತಿದ್ವಿ ಅಲ್ವಾ?”

“ಹತ್ತಿದ್ವಿ ಅವ್ವ.”

“ಎಷ್ಟು ಮೆಟ್ಲು?”

“ಎಣಿಸ್ಲಿಲ್ಲ. ಉಬ್ಸ ಬಂತು.”

“ಜಾಣೆ.”

ಮನೆಯ ಕೋಣೆಗಳೆಲ್ಲ ಸ್ಟೇಜುಗಳಾಗಿ ಮುಗಿದ ಮೇಲೆ ಬರೆಯಲು ನನಗೆ ಬೇರೆ ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ನಾನು ಕಂಡಿದ್ದ ಅತಿ ಚೆಂದದ ಜಾಗ ಆ ಸ್ಟೇಷನ್ನು. ಹಾಗಾಗಿ ಅದನ್ನೇ ಬರೆದೆ. ಬಸ್ಸಿನಿಂದ ಹಾರಬೇಕು, ಬೆಟ್ಟ ಹತ್ತಿದರೆ ಔಟು, ಬುಡದಲ್ಲೇ ತಿರುಗಬೇಕು, ರೈಲು ಬರುವಷ್ಟರಲ್ಲಿ ಹಳಿ ದಾಟಬೇಕು, ಕೊನೆಗೆ ಬೇವಿನ ಮರದ ಕೆಳಗೆ ಕೂತ ಹೆಂಗಸಿಗೆ ಡಬ್ಬಿ ಮುಟ್ಟಿಸಿದರೆ ಗೆದ್ದ ಹಾಗೆ. ಚಿಕ್ಕಪ್ಪ ಎರಡು ಸಲ ರೈಲಿಗೆ ಸಿಕ್ಕಿ ಮೂರನೇ ಸಲ ಗೆದ್ದ. ಗೆದ್ದವನು ಡಬ್ಬದೊಳಗೆ ಮುಖವಿಟ್ಟು ನೋಡಿದ.

“ಇದ್ಯಾರವ್ವ? ಹೊಟ್ಟೆ ಇಷ್ಟು ದಪ್ಪ ಬರ್ದೀಯ?”

ನಾನು ಪೆನ್ಸಿಲಿನ ತುದಿ ಕಚ್ಚಿದೆ.

“ನನಗೂ ಹೇಳಲ್ವಾ? ನಾವಿಬ್ರೂ ಒಂದೇ ಟೀಮು ಅಂದ್ಕಂಡಿದ್ದೆ.”

ಆ ಮಾತಿಗೆ ನಾನು ಕರಗಿದೆ. ಭಾನುವಾರದ್ದೆಲ್ಲ ಹೇಳಿದೆ. ಯಾರಿಗೂ ಹೇಳಬೇಡ ಎಂದೆ. ಅವನು ನನ್ನ ತಲೆ ಸವರಿ, “ನಾನ್ಯಾಕೆ ಹೇಳ್ಲಿ? ಸ್ಟೇಜ್ ಚೆನ್ನಾಗೈತೆ. ಎಲ್ಲ ಸ್ಟೇಜಿಗೂ ಹೆಸರು ಬರ್ದಂಗೆ ಇದಕ್ಕೂ ಬರಿ” ಎಂದ. ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ‘ಸರೋಜ ಚಿಕ್ಕಮ್ಮ, ರಾಮಗಿರಿ’ ಎಂದು ಬರೆದೆ. ಅವನು ಅದನ್ನು ಬೇಕೆಂದೇ ಬರೆಸಿದನೋ, ಆಟದ ಖುಷಿಯಲ್ಲಿ ಬರೆಸಿದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆ ಸ್ಟೇಜನ್ನು ಬೀದಿಯ ಮಕ್ಕಳಿಗೆ ತೋರಿಸಲಿಲ್ಲ. ಸುರುಳಿ ಅವನ ಹತ್ತಿರವೇ ಇತ್ತು.

ಒಂದು ತಿಂಗಳು ಕಳೆದಿರಬೇಕು. ಅಪ್ಪ ಸಾಮಾನು ತರಲು ದಾವಣಗೆರೆಗೆ ಹೋಗಿದ್ದ ದಿನ ಒಬ್ಬ ಗಿರಾಕಿ ಬಂದು ಬಾಗಿಲಲ್ಲಿ ನಿಂತು ಕೂಗಾಡಿದ. ಮಗಳ ನಿಶ್ಚಿತಾರ್ಥಕ್ಕೆ ನೆಂಟರು ಬರುತ್ತಾರೆ, ಟೀವಿ ಕೊಡಿ ಅಂತ ಮೂರು ಸಲ ತಿರುಗಿದ್ದನಂತೆ. ಮಾಡಿಡುತ್ತೇನೆ ಎಂದಿದ್ದ ಚಿಕ್ಕಪ್ಪ ಅದನ್ನು ಮುಟ್ಟಿಯೇ ಇರಲಿಲ್ಲ. ಗಿರಾಕಿ ಬಂದಾಗ ಜಾಯ್‌ಸ್ಟಿಕ್ ಕೆಳಗಿಟ್ಟು ಹಿತ್ತಲ ಕಡೆ ಜಾರಿಕೊಂಡ. ಬೈಗುಳವನ್ನೆಲ್ಲ ಅವ್ವ ನಿಂತು ಕೇಳಿದಳು. ಮಾರನೇ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ, ಮುದ್ದೆ ಬಡಿಸುತ್ತ ಅವ್ವ ಅಪ್ಪನಿಗೆ ಹೇಳಿದಳು.

“ಮಂಜನ್ನ ದಾವಣಗೆರಿಗೆ ಯಾವ್ದಾದ್ರೂ ಅಂಗಡಿಗೆ ಕಳಿಸ್ರಿ. ಇಲ್ಲಿ ಆ ಗೇಮ್ ಡಬ್ಬದ ಮುಂದೆ ಕುಂತು ಕೆಡ್ತಾನೆ. ನಿನ್ನೆ ಬಾಗಿಲಾಗೆ ನಿಂತು ಬೈಸ್ಕಂಡಿದ್ದು ನಾನು.”

ಅಪ್ಪನಿಗೆ ಸಿಟ್ಟು ಬರುವುದು ಅಪರೂಪ. ಅವತ್ತು ಬಂತು. “ಆ ಡಬ್ಬ ನಾಳೆನೇ ಮಾರ್ತೀನಿ. ಈ ವಾರನೇ ನೀನು ಹೊರಡು” ಎಂದ. ಚಿಕ್ಕಪ್ಪ ತಟ್ಟೆ ತಳ್ಳಿ ಎದ್ದ. ಮುಂದಿನ ಕೋಣೆಗೆ ಹೋಗಿ ಬಂದವನ ಕೈಯಲ್ಲಿ ಸುರುಳಿ ಇತ್ತು. ಅದನ್ನು ನಡುಮನೆಯಲ್ಲಿ, ಊಟದ ತಟ್ಟೆಗಳ ಪಕ್ಕದಲ್ಲಿ ಉದ್ದಕ್ಕೆ ಬಿಚ್ಚಿದ.

“ನಾನು ಕೆಡ್ತೀನಂತೆ. ಅತ್ಗೆ ಭಾನುವಾರ ಎಲ್ಲಿಗೆ ಹೋಗ್ತಾರೆ ಕೇಳಣ್ಣ. ಬೆಟ್ಟಕ್ಕಲ್ಲ. ಇಲ್ಲೈತೆ ನೋಡು.”

ಅಜ್ಜಿಗೆ ಓದಲು ಬರುತ್ತಿರಲಿಲ್ಲ. “ಏನಂತ ಬರ್ದೈತೆ ಓದು” ಎಂದಳು. ಅಪ್ಪ ಬಗ್ಗಿ, ನನ್ನ ಪೆನ್ಸಿಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದ. ಅವ್ವ ಸಾರಿನ ಪಾತ್ರೆ ಹಿಡಿದುಕೊಂಡೇ ನಿಂತಿದ್ದಳು. ಆಟದಲ್ಲಿ ಎಷ್ಟು ಚೆಂದ ಕಂಡಿದ್ದ ಆ ಹಳಿ, ಆ ಮರ, ಆ ಬಸುರಿ ಹೆಂಗಸು, ಎಲ್ಲ ಅಲ್ಲಿ ಎಂಜಲು ತಟ್ಟೆಗಳ ನಡುವೆ ಬಿದ್ದಿದ್ದವು. ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ.

“ಸುಜಿ, ನೀನು ಬರ್ದಿದ್ದಾ?”

ಅವ್ವನೂ ನನ್ನ ಕಡೆ ನೋಡಿದಳು. ಹೌದು ಎಂದಿದ್ದರೆ ಏನಾಗುತ್ತಿತ್ತೋ. ನನಗೆ ಆಗ ಗೊತ್ತಿದ್ದದ್ದು ಹೆದರಿಕೆ ಮಾತ್ರ.

“ನಾನಲ್ಲ. ಚಿಕ್ಕಪ್ಪ ಬರ್ದಿದ್ದು.”

ಚಿಕ್ಕಪ್ಪ ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ, “ಹ್ಞೂಂ, ನಾನೇ. ಅವರ ಹಿಂದೆ ಹೋಗಿ ಕಣ್ಣಾರೆ ನೋಡ್ಕಂಡ್ ಬಂದು ಬರ್ದೆ” ಎಂದ. ಆ ಸುಳ್ಳು ಅವನಿಗೆ ಅನುಕೂಲವೇ ಆಯಿತು. ಮಗುವಿನ ಗೀಚಾಟ ಎಂದು ಯಾರೂ ತಳ್ಳಿಹಾಕುವಂತಿರಲಿಲ್ಲ. ಆದರೆ ಅವತ್ತು ನನಗೆ ಅವನು ನನ್ನನ್ನು ಉಳಿಸಿದ ಹಾಗೆಯೇ ಕಂಡಿತು. ಸ್ವಲ್ಪ ದಿನ ಅವನ ಋಣದಲ್ಲಿದ್ದವಳ ಹಾಗೆ ಇದ್ದೆ. ಇದನ್ನು ಬರೆಯುವಾಗ ನನಗೆ ಎಲ್ಲಕ್ಕಿಂತ ನಾಚಿಕೆಯಾಗುವುದು ಅದಕ್ಕೆ.

ಅಪ್ಪ ಅವ್ವನ ಮೇಲೆ ಕೈಮಾಡಲಿಲ್ಲ, ಬೈಯಲೂ ಇಲ್ಲ. “ದೀಪ ಮುಟ್ಟಿ ಹೇಳಿದ್ಯಲ್ಲೇ” ಎಂದಷ್ಟೇ ಅಂದ. ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ. “ದೀಪಕ್ಕೆ ಹೆದರೋಳಲ್ಲ ಇವಳು. ಮಗಳ ತಲೆ ಮುಟ್ಸು” ಎಂದಳು. ಅಪ್ಪ ನನ್ನ ಕಡೆ ನೋಡದೆ, “ಮುಟ್ಟು” ಎಂದ. ಅವ್ವ ಸಾರಿನ ಪಾತ್ರೆ ಕೆಳಗಿಟ್ಟು, ಸೆರಗಿಗೆ ಕೈಯೊರೆಸಿಕೊಂಡು, ನನ್ನ ನೆತ್ತಿಯ ಮೇಲೆ ಇಟ್ಟಳು. “ಇನ್ನು ಅವಳನ್ನ ನೋಡಾಕೆ ಹೋಗಲ್ಲ.” ಅವಳ ಕೈ ಭಾರವಾಗಿತ್ತು. ಸುರುಳಿಯನ್ನು ಬಚ್ಚಲೊಲೆಗೆ ಹಾಕು ಎಂದು ಅಜ್ಜಿ ಚಿಕ್ಕಪ್ಪನಿಗೆ ಹೇಳಿದಳು. ಅವನು ಎತ್ತಿಕೊಂಡು ಹೋದ. ಒಲೆಯಿಂದ ಹೊಗೆ ಬಂದದ್ದನ್ನು ನಾನು ನೋಡಿದೆ.

ಚಿಕ್ಕಪ್ಪ ದಾವಣಗೆರೆಗೆ ಹೋಗಲಿಲ್ಲ. ಅಪ್ಪ ಗೇಮ್ ಡಬ್ಬ ಮಾರುವುದನ್ನೂ ಮರೆತ. ಅಪ್ಪ ಅವ್ವ ಮಾತಾಡುವುದೇ ಕಡಿಮೆಯಾಗಿ, ಏನಿದ್ದರೂ ನನ್ನ ಮೂಲಕ ಹೇಳಿ ಕಳಿಸುತ್ತಿದ್ದರು: “ನಿಮ್ಮವ್ವಂಗೆ ಹೇಳು ಊಟಕ್ಕೆ ಲೇಟಾಗ್ತೈತೆ ಅಂತ.” “ನಿಮ್ಮಪ್ಪಂಗೆ ಕೇಳು ಬಿಸಿನೀರು ಬೇಕಾ ಅಂತ.” ಒಂದು ದಿನ ಕರೆಂಟು ಹೋದಾಗ ಚಿಕ್ಕಪ್ಪ ಹೊಸ ಹಾಳೆ, ಪೆನ್ಸಿಲು ಹಿಡಿದುಕೊಂಡು ಬಂದ. ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ನಗುತ್ತಿದ್ದ.

“ಹೊಸ ಸ್ಟೇಜ್ ಬರಿ ಬಾ.”

“ಯಾಕೆ ಹೇಳಿದೆ ಚಿಕ್ಕಪ್ಪ?”

“ನಿಮ್ಮವ್ವ ನನ್ನ ಡಬ್ಬ ಮಾರಿಸ್ತಿದ್ಲು. ನಾನೇನ್ ಮಾಡ್ಲಿ?”

ಅವನ ಡಬ್ಬ ಉಳಿಯಲಿ ಅಂತ ನನ್ನ ಅವ್ವನಿಗೆ ತಂಗಿ ಇಲ್ಲದಂತಾಯಿತು. ಹತ್ತು ವರ್ಷದವಳಿಗೆ ಈ ಮಾತು ಹೀಗೆ ಜೋಡಿಸಲು ಬಂದಿರಲಿಕ್ಕಿಲ್ಲ. ಆದರೆ ಪೆನ್ಸಿಲು ತೆಗೆದುಕೊಳ್ಳಲಿಲ್ಲ. ಆಮೇಲೆ ಅವನ ಮುಂದೆ ಯಾವತ್ತೂ ಏನನ್ನೂ ಬರೆಯಲಿಲ್ಲ.

ಚಿಕ್ಕಮ್ಮನ ಹೆರಿಗೆಯ ಸುದ್ದಿ ತಂದದ್ದು ರಾಮಗಿರಿಯ ಹಣ್ಣುಕಾಯಿ ಅಂಗಡಿಯ ಹೆಂಗಸು. ಹೊಳಲ್ಕೆರೆ ಸಂತೆಗೆ ಬಂದವಳು ನಮ್ಮ ಮನೆ ಕೇಳಿಕೊಂಡು ಹಿತ್ತಲ ಬಾಗಿಲಿಗೆ ಬಂದಿದ್ದಳು. “ಹೆಣ್ಣು ಮಗ ಕಣಕ್ಕ. ಬಾಳ ಕಷ್ಟ ಆತಂತೆ, ಕೊಯ್ದು ತೆಗೆದ್ರಂತೆ. ನಿಮ್ಮನ್ನೇ ಕೇಳ್ತಿದ್ಲಂತೆ” ಎಂದಳು. ಅವ್ವ, “ಹೌದಾ” ಎಂದು ಅವಳಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು. ಅವತ್ತು ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಯಾರೂ ಕೇಳಲಿಲ್ಲ. ಎಲ್ಲರೂ ಹಾಗೇ ಉಂಡು ಎದ್ದರು.

ಆ ಮನೆಯಲ್ಲಿ ನಾನು ಏನಾದೆ ಎಂದು ಕೇಳಿದರೆ, ಗೆರೆ ಎಳೆಯುವವಳಾದೆ, ಹೆಸರು ಬರೆಯದವಳಾದೆ. ಈಗ ಚಿತ್ರದುರ್ಗದಲ್ಲಿ ಜಮೀನು ಅಳತೆ ಮಾಡುವ ಸರ್ವೇಯರ್ ಕೆಲಸ ನನ್ನದು. ಹೊಸದುರ್ಗ, ಹಿರಿಯೂರು ಕಡೆಯ ಹೊಲಗಳಲ್ಲಿ ಬಿಸಿಲಲ್ಲಿ ನಿಂತು ಅಳೆದು ನಕ್ಷೆ ಹಾಕಿಕೊಡುತ್ತೇನೆ. ಅಣ್ಣತಮ್ಮಂದಿರು ಅದನ್ನು ನೆಲದ ಮೇಲೆ ಹಾಸಿಕೊಂಡು ಬೆರಳು ಊರಿ ಜಗಳ ತೆಗೆದಾಗ ನಾನು ಅಲ್ಲಿ ನಿಲ್ಲುವುದಿಲ್ಲ, ದೂರ ಹೋಗಿ ನೀರು ಕುಡಿಯುತ್ತೇನೆ. ಆದರೆ ಆಟದ ಹುಚ್ಚು ಹೋಗಲಿಲ್ಲ. ಹಳೇ ಟೀವಿ ಗೇಮುಗಳ ಅಭಿಮಾನಿಗಳದೊಂದು ಗುಂಪು ಫೋನಿನಲ್ಲಿದೆ, ಅದರಲ್ಲಿ ನಾನೂ ಇದ್ದೆ, ಬೇರೆ ಹೆಸರಿನಲ್ಲಿ. ಹೊಸದುರ್ಗದ ಒಬ್ಬ ಕ್ಷೌರದಂಗಡಿಯವರು ಹಳೇ ಜಾಯ್‌ಸ್ಟಿಕ್‌ಗಳನ್ನು ಕೂಡಿಡುತ್ತಾರೆ. ಹರಿಯಬ್ಬೆಯ ಒಬ್ಬ ಟೀಚರ್ ಆ ಆಟಗಳ ಹೆಸರಿಲ್ಲದ ಆಳುಗಳಿಗೆಲ್ಲ ಹೆಸರಿಟ್ಟು, ಅವರ ಊರು ಮನೆ ಕಟ್ಟಿ ಕಥೆ ಬರೆಯುತ್ತಾರೆ. ಕಾಲೇಜು ಹುಡುಗರು ಚೌಕ ಚೌಕದ ಚಿತ್ರ ಬಿಡಿಸಿ, ಆ ಹಳೇ ಡಬ್ಬಗಳಲ್ಲೇ ಓಡುವ ಹೊಸ ಆಟ ಮಾಡುತ್ತಾರೆ. ಸಂಜೆ ಮನೆಗೆ ಬಂದು ಅವರು ಹಾಕಿದ್ದನ್ನೆಲ್ಲ ನೋಡುವುದು ನನ್ನ ದೊಡ್ಡ ಸುಖವಾಗಿತ್ತು.

ಹೋದ ವರ್ಷ ಆ ಹುಡುಗರು ಒಂದು ಹೊಸ ಆಟ ಬಿಟ್ಟರು. ಹಿರಿಯೂರಿನಲ್ಲಿ ಹಳೇ ಗೇಮ್ ರಿಪೇರಿ ಮಾಡುವ ನಮ್ಮ ಗುರುಗಳೊಬ್ಬರು, ತಾವು ಹುಡುಗರಾಗಿದ್ದಾಗ ಕಾಗದದ ಮೇಲೆ ಬರೆದಿದ್ದ ಸ್ಟೇಜುಗಳನ್ನು ಕೊಟ್ಟಿದ್ದಾರೆ, ಅದರಿಂದ ಮಾಡಿದ್ದು ಎಂದು ಬರೆದಿದ್ದರು. ಮದುವೆಯಾದ ಮೇಲೆ ಚಿಕ್ಕಪ್ಪ ಹಿರಿಯೂರಿನಲ್ಲಿ ಅಂಗಡಿ ಇಟ್ಟದ್ದು ನನಗೆ ಗೊತ್ತಿತ್ತು. ಅವನನ್ನು ಇವರು ಗುರುಗಳು ಎಂದು ಕರೆಯುತ್ತಾರೆಂದು ಗೊತ್ತಿರಲಿಲ್ಲ. ಆಫೀಸಿನಲ್ಲಿ ಊಟದ ಹೊತ್ತಿಗೆ ಫೋನಿನಲ್ಲೇ ಆಟ ತೆರೆದೆ. ಮೊದಲನೇ ಸ್ಟೇಜಿನಲ್ಲಿ ನಮ್ಮ ಟೀವಿಗಳ ಸಾಲು. ಎರಡನೆಯದರಲ್ಲಿ ಮುದ್ದೆ ಕೋಲು. ಕೊನೆಯದು ಬಂದಾಗ ನನ್ನ ಬೆರಳು ತಾನಾಗಿಯೇ ಬೆಟ್ಟದ ಬುಡದಲ್ಲಿ ತಿರುಗಿತು. ಹಳಿ ದಾಟಿದೆ. ಬೇವಿನ ಮರದ ಕೆಳಗೆ ಅವಳಿದ್ದಳು. ಅದೇ ಹೊಟ್ಟೆ, ಅದೇ ಜಡೆ. ಆದರೆ ಕಣ್ಣು ಕೆಂಪಗೆ, ಬಾಯಿಂದ ಬೆಂಕಿ. ಡಬ್ಬಿ ಕೊಡುವ ಹಾಗಿರಲಿಲ್ಲ. ಅವಳನ್ನು ಎಂಟು ಸಲ ಹೊಡೆದರೆ ಆಟ ಮುಗಿಯುತ್ತಿತ್ತು.

ಆಚೆ ಬಂದು ಚಿಕ್ಕಪ್ಪನಿಗೆ ಫೋನ್ ಮಾಡಿದೆ. ವರ್ಷಗಳ ಮೇಲೆ ನನ್ನ ಧ್ವನಿ ಕೇಳಿ ಅವನಿಗೆ ನಿಜವಾಗಿಯೂ ಖುಷಿಯಾಯಿತು.

“ಗೇಮ್ ನೋಡ್ದೇನವ್ವ? ಹೆಂಗೈತೆ?”

“ಅದು ನನ್ನ ಹಾಳೆ ಚಿಕ್ಕಪ್ಪ. ಒಲೆಗೆ ಹಾಕಿದ್ದೆ ಅಂದ್ಕಂಡಿದ್ದೆ.”

“ಹಾಕಾಕೆ ಮನಸ್ಸು ಬರ್ಲಿಲ್ಲ. ಬೇರೆ ಕಾಗದ ಹಾಕ್ದೆ.”

“ನೀನು ಬರ್ದಿದ್ದು ಅಂತ ಹೇಳಿದೀಯ.”

ಅವನು ನಕ್ಕ. ಕೆಟ್ಟ ನಗುವಲ್ಲ, ಮಕ್ಕಳ ಜೊತೆ ನಗುವ ಹಾಗೆ. “ನೀನೇ ಹೇಳಿದ್ದಲ್ಲೇನವ್ವ? ಎಲ್ಲರ ಮುಂದೆ. ನಿಮ್ಮಪ್ಪ ಕೇಳ್ದಾಗ. ನಾನು ಅವತ್ತು ಹ್ಞೂಂ ಅಂದೆ, ಇವತ್ತೂ ಹ್ಞೂಂ ಅಂದೆ.”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಕೊನೆಗೆ, “ಚಿಕ್ಕಮ್ಮನ್ನ ಯಾಕೆ ರಾಕ್ಷಸಿ ಮಾಡ್ಸಿದೆ?” ಎಂದೆ.

“ಅದು ಹುಡುಗ್ರು ಮಾಡಿದ್ದು. ಕೊನೇಲಿ ಹೊಡೆಯಾಕೆ ಯಾರಾದ್ರೂ ಇರ್ಬೇಕಲ್ಲ.”

ಹುಡುಗರಿಗೂ ಬರೆದೆ. ಅವರು ಮರ್ಯಾದೆಯಿಂದಲೇ ಉತ್ತರ ಕೊಟ್ಟರು: ಹಾಳೆಯ ಮೂಲೆಯಲ್ಲಿ ಗುರುಗಳ ಹೆಸರಿದೆ ಮೇಡಂ, ಅವರು ಹೇಳಿದರೆ ಬದಲಾಯಿಸುತ್ತೇವೆ. ಗುಂಪು ಬಿಟ್ಟೆ. ಆ ಆಟ ಈಗಲೂ ಇದೆ. ಆಡುವವರು ಈಗಲೂ ಆ ಬಸುರಿಯನ್ನು ಎಂಟು ಸಲ ಹೊಡೆಯುತ್ತಿದ್ದಾರೆ.

ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ, ಚಂದ್ರವಳ್ಳಿ ರಸ್ತೆಯ ನಮ್ಮ ಬಾಡಿಗೆ ಮನೆಯಲ್ಲಿ. ನಾನು ಗುಂಪು ಬಿಟ್ಟ ದಿನ ಸಂಜೆ ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಹಾಳೆ ಬರೆದವಳು ನಾನೇ ಎಂದು ಹೇಳುವಾಗ ಹತ್ತು ವರ್ಷದ ಹುಡುಗಿಯ ಹಾಗೆ ಸೊಪ್ಪಿನ ಕಡ್ಡಿ ಮುರಿಯುತ್ತ ಕೂತಿದ್ದೆ. ಅವ್ವ ಸೊಪ್ಪಿನಿಂದ ಕಣ್ಣು ತೆಗೆಯಲಿಲ್ಲ.

“ಅವತ್ತೇ ಗೊತ್ತಿತ್ತು.”

“ಹೆಂಗೆ?”

“ಸರೋಜನ ಕೈಗೆ ಹಸಿರು ಬಳೆ ಬರ್ದಿದ್ದೆ, ಒಂದು ಕೈಗೆ ಏಳು, ಒಂದು ಕೈಗೆ ಆರು. ಒಂದು ಒಡೆದಿತ್ತು. ನಾನೇ ತೊಡಿಸಿದ್ದು. ಹಿಂದೆ ಬಂದು ದೂರದಾಗೆ ನಿಂತೋರಿಗೆ ಅದು ಕಾಣ್ತದಾ?”

“ಮತ್ತೆ ನನ್ನ ಯಾಕೆ ಕೇಳ್ಲಿಲ್ಲ?”

“ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಿದ್ದೆ.” ಅವ್ವ ಕಡ್ಡಿಗಳನ್ನು ಒಂದು ಕಡೆ ಒಟ್ಟಿದಳು. “ಮಂಜ ಹೇಳಿದ್ದಕ್ಕೆ ನನಗೇನೂ ಅನ್ನಿಸ್ಲಿಲ್ಲ. ಅವನು ನಿಮ್ಮಪ್ಪನ ತಮ್ಮ. ನೀನು ನನ್ನ ಜತೆ ಬರ್ತಿದ್ದೋಳು. ನೀನು ಅಲ್ಲ ಅಂದೆ ನೋಡು…” ಅಷ್ಟಕ್ಕೇ ನಿಲ್ಲಿಸಿ, ಸೊಪ್ಪು ತೊಳೆಯಲು ಎದ್ದು ಹೋದಳು.

ಮೂರು ವಾರ ಬಿಟ್ಟು ಒಂದು ಭಾನುವಾರ, ಅವ್ವನಿಗೆ ಹೇಳದೆ ಚಿಕ್ಕಜಾಜೂರಿಗೆ ಹೋದೆ. ಚಿಕ್ಕಮ್ಮ ಈಗ ಇರುವುದು ಅಲ್ಲಿ. ಅಜ್ಜಿ ತೀರಿಕೊಂಡ ಮೇಲೆ ಅವ್ವ ಒಂದು ಸಲ ಹೇಳಿ ಕಳಿಸಿದ್ದಳು. ‘ಬರೋದು ಬ್ಯಾಡ’ ಎಂದು ಚಿಕ್ಕಮ್ಮನಿಂದ ಉತ್ತರ ಬಂದಿತ್ತು. ನನ್ನನ್ನು ಕಂಡವಳು ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡಳು. “ಕುಂತ್ಕ” ಎಂದಳು. ನಾನು ಹಾಳೆಯಿಂದ ಹಿಡಿದು ತಲೆ ಮುಟ್ಟಿದ ಆಣೆಯ ತನಕ ಹೇಳಿ ಮುಗಿಸುವವರೆಗೂ ನಡುವೆ ಬಾಯಿ ಹಾಕಲಿಲ್ಲ.

“ಹೆರಿಗೆ ನೋವು ಬರೋ ಹಿಂದಿನ ಭಾನುವಾರನೂ ಆ ಕಲ್ಲಿನ ಮ್ಯಾಲೆ ಕುಂತಿದ್ದೆ” ಎಂದಳು. “ಅತ್ತೆ ಮನೆ ದೊಡ್ಡದಾತು ಅಕ್ಕಂಗೆ ಅಂದ್ಕಂಡೆ.”

“ಅವ್ವಂದು ತಪ್ಪಿಲ್ಲ ಚಿಕ್ಕಮ್ಮ. ನನ್ನಿಂದ ಆಗಿದ್ದು.”

“ನೀನು ಹುಡುಗಿ. ನಿಂದೇನೈತೆ?” ಅವಳು ನನ್ನ ಮುಖ ನೋಡಿದಳು. “ನೋಡಾಕೆ ಹೋಗಲ್ಲ ಅಂತ ತಾನೇ ತಲೆ ಮುಟ್ಟಿದ್ದು? ಕಾಗದ ಬರಿಯಲ್ಲ ಅಂತ ಮುಟ್ಟಿದ್ಲಾ?”

ಬರುವ ದಾರಿಯುದ್ದಕ್ಕೂ ನಾನು ಇದೊಂದನ್ನು ಯೋಚಿಸಿಯೇ ಇರಲಿಲ್ಲ. ಅವಳು ಟೀ ಮಾಡಿಕೊಟ್ಟಳು. ಮಗಳ, ಮೊಮ್ಮಗನ ಫೋಟೋ ತೋರಿಸಿದಳು. ಹೊರಡುವಾಗ ಗೋಡೆ ಹಿಡಿದುಕೊಂಡು ಗೇಟಿನ ತನಕ ನನ್ನ ಹಿಂದೆಯೇ ಬಂದಳು.

“ನೀನು ಬಂದಿದ್ದೆ ಅಂತ ನಿಮ್ಮವ್ವಂಗೆ ಹೇಳ್ಬ್ಯಾಡ.”

ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವಳ ಕೈ ಹಿಡಿದು ಬಿಟ್ಟು ಬಸ್ ಹತ್ತಿದೆ.

ಮನೆಗೆ ಬಂದಾಗ ಅವ್ವ ಅಡುಗೆಮನೆಯಲ್ಲಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ಹೊಲ ಅಳೆಯಲು ಎಂದರೆ ನಂಬುತ್ತಿದ್ದಳು.

“ಸರೋಜ ಚಿಕ್ಕಮ್ಮನ ಮನೆಗೆ” ಎಂದೆ.

ಅವ್ವ ಒಲೆ ಸಣ್ಣ ಮಾಡಿದಳು. ತಿರುಗಿ ನೋಡಲಿಲ್ಲ.

“ಮಂಡಿ ಆಪರೇಷನ್ ಮಾಡಿಸ್ಕಂಡ್ಲಂತಲ್ಲ” ಎಂದಳು. “ನಡೀತಾಳಾ?”

ಅದು ಅವಳಿಗೆ ಯಾರಿಂದ ತಿಳಿಯಿತೋ, ಇಷ್ಟು ವರ್ಷ ಇನ್ನೇನೇನು ತಿಳಿದುಕೊಂಡು ಸುಮ್ಮನಿದ್ದಳೋ, ನಾನು ಕೇಳಲಿಲ್ಲ.

“ನಡೀತಾಳೆ” ಎಂದೆ. “ಗೇಟಿನ ತನಕ ಬಂದಿದ್ಲು.”